ಪಾತ್ರೆ ಸ್ಟ್ಯಾಂಡ್ ಒಪ್ಪಿದ ಆಂಪ್

ನಮ್ಮ ಮನೆಯಲ್ಲಿ ಡೆಸಿಬೆಲ್ ಅಳೆಯುವ ಯಂತ್ರ ಅಂದರೆ ಅಡುಗೆಮನೆ ಗೋಡೆಗೆ ಹೊಡೆದಿರುವ ಪಾತ್ರೆ ಸ್ಟ್ಯಾಂಡ್. ಹಾಲ್‌ನಲ್ಲಿ ಕೂತು ಗಿಟಾರಿನ ದಪ್ಪ ತಂತಿ ಮೀಟುತ್ತೇನೆ. ಸ್ಟ್ಯಾಂಡ್ ಸುಮ್ಮನಿದ್ದರೆ ಸರಿ. ಲೋಟಗಳು ಚಿಣಿಚಿಣಿ ಅಂದರೆ ಹೆಂಡತಿ ಬಾಗಿಲಿಂದ ಇಣುಕುತ್ತಾಳೆ. ತಟ್ಟೆಗಳೂ ಜೊತೆಗೂಡಿದರೆ ಕೆಳಗಿನ ಮನೆಯಿಂದ ಓನರ್ ಅಜ್ಜಿ ಕೋಲು ತಗೊಂಡು ಸೀಲಿಂಗ್ ಕುಟ್ಟುತ್ತಾರೆ. ಒಂದು ಸಣ್ಣ ಟ್ಯೂಬ್ ಆಂಪ್, ಅಂದರೆ ಗಾಜಿನ ಟ್ಯೂಬ್‌ಗಳಿಂದ ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ, ಕೊಳ್ಳಲು ನನಗೆ ಏಳು ತಿಂಗಳು ಹಿಡಿಯಿತು. ಅದರಲ್ಲಿ ಮೊದಲ ಕೆಲವು ತಿಂಗಳು ಈ ಸ್ಟ್ಯಾಂಡನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ನನ್ನದು ತುಮಕೂರು. ಹಗಲು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಸೀಸನ್‌ನಲ್ಲಿ ಆರ್ಕೆಸ್ಟ್ರಾಗೆ ಗಿಟಾರ್ ನುಡಿಸುತ್ತೇನೆ. ಗಣೇಶ ಹಬ್ಬದಿಂದ ರಾಜ್ಯೋತ್ಸವ ಮುಗಿಯುವ ತನಕ ಗುಬ್ಬಿ, ಸಿರಾ, ಕುಣಿಗಲ್ ಅಂತ ಸುತ್ತಾಟ. ರಸಮಂಜರಿ ಸ್ಟೇಜ್ ಮೇಲೆ ಗಿಟಾರಿಗೆ ಆಂಪ್ ಅನ್ನೋದೇ ಇರಲ್ಲ. ಗಿಟಾರಿನ ಶಬ್ದ ಬದಲಿಸುವ ಪ್ರೊಸೆಸರ್ ಡಬ್ಬಿಯಿಂದ ಒಂದು ವೈರ್ ಹೊರಟು ಸೀದಾ ಮಿಕ್ಸರ್‌ಗೆ ಹೋಗುತ್ತದೆ. ಆಮೇಲೆ ನಮ್ಮ ಶಬ್ದ ಏನಾಗುತ್ತೆ ಅನ್ನೋದು ಸೌಂಡ್ ಸಿಸ್ಟಂ ಹುಡುಗನಿಗೂ ದೇವರಿಗೂ ಬಿಟ್ಟಿದ್ದು. ಮನೆಯಲ್ಲಿ ಒಂದು ಹಳೇ 10 ವ್ಯಾಟ್ ಟ್ರಾನ್ಸಿಸ್ಟರ್ ಆಂಪ್ ಇತ್ತು. ಹದಿನಾರು ವರ್ಷ ಅದರಲ್ಲೇ ಕಳೆದೆ.

ಕಳೆದ ವರ್ಷ ಇಲ್ಲಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಫೆಸ್ಟ್‌ಗೆ ಹೋಗಿದ್ದೆ. ಕಾರ್ಯಕ್ರಮಕ್ಕೆ ಮೊದಲು ಒಬ್ಬ ಹುಡುಗ ಮೂಲೆಯಲ್ಲಿ ತನ್ನ ಆಂಪ್ ಇಟ್ಟುಕೊಂಡು ಶ್ರುತಿ ನೋಡಿಕೊಳ್ಳುತ್ತಿದ್ದ. ಮೆಲ್ಲಗೆ ಮೀಟಿದರೆ ದೇವಸ್ಥಾನದ ಸಣ್ಣ ಗಂಟೆ. ಸ್ವಲ್ಪ ಒತ್ತಿ ಮೀಟಿದರೆ ಅದೇ ಶಬ್ದಕ್ಕೆ ಗಂಟಲು ಕಟ್ಟಿಕೊಂಡು ಕರಕರ ಅನ್ನುತ್ತಿತ್ತು. ಅವನ ಕಾಲ ಕೆಳಗೆ ನೋಡಿದೆ. ಶಬ್ದ ಬದಲಿಸಲು ಕಾಲಲ್ಲಿ ಒತ್ತುವ ಪೆಡಲ್ ಒಂದೂ ಇಲ್ಲ. ಕೈಯ ಒತ್ತಡವೇ ಎಲ್ಲ ಮಾಡುತ್ತಿತ್ತು. ‘ಟ್ಯೂಬ್ ಆಂಪ್ ಅಣ್ಣ’ ಅಂದ. ಅವತ್ತು ರಾತ್ರಿ ಮನೆಗೆ ಬಂದು ಹೆಂಡತಿಗೆ ಹೇಳಿದೆ, ಟ್ಯೂಬ್ ಆಂಪ್ ತಗೋಬೇಕು ಅಂತ. ‘ಮೊದಲು ಬಚ್ಚಲುಮನೆ ಟ್ಯೂಬ್ ಹಾಕ್ಸಿ’ ಅಂದಳು.

ನಾನು ಮೊದಲು ಮಾಡಿದ ಕೆಲಸ ಅಂದರೆ ಚಿಕ್ಕಪೇಟೆ ಗಲ್ಲಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಒಬ್ಬ ಹಿರಿಯರ ಹತ್ತಿರ ಹೋಗಿದ್ದು. ಅಂಗಡಿ ಮುಚ್ಚಿ ಬಹಳ ವರ್ಷ ಆಯಿತು. ಮನೆಯಲ್ಲೇ ಒಂದು ಬೆಂಚು, ಅದರ ಮೇಲೆ ಮೀಟರ್, ಸಾಲ್ಡರಿಂಗ್ ಕಡ್ಡಿ. ನಾವೆಲ್ಲ ರೇಡಿಯೊ ಮೇಷ್ಟ್ರು ಅಂತಲೇ ಕರೆಯುವುದು. ಟ್ಯೂಬ್ ಅಂದರೆ ಅವರಿಗೆ ಕಿರಿಕಿರಿ. ‘ವಾಲ್ವ್ ಅನ್ನು’ ಅನ್ನುತ್ತಾರೆ.

ನೋಡಬೇಕಾದ ಆಂಪ್‌ಗಳ ನನ್ನ ಪಟ್ಟಿ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿತ್ತು. ಅವುಗಳೊಳಗಿನ ವಾಲ್ವ್‌ಗಳ ಹೆಸರು ಇಎಲ್84, ಇಸಿಸಿ83 ಅಂತ ಓದಿದೆ ನೋಡಿ, ಮೇಷ್ಟ್ರ ಮುಖ ಅರಳಿಬಿಟ್ಟಿತು. ಆ ಅಕ್ಷರಗಳಿಗೆಲ್ಲ ಅರ್ಥ ಇದೆಯಂತೆ. ಇ ಅಂದರೆ ಒಳಗಿನ ಹೀಟರ್‌ಗೆ 6.3 ವೋಲ್ಟ್. ಸಿಸಿ ಅಂದರೆ ಒಂದೇ ಗಾಜಿನೊಳಗೆ ಎರಡು ಟ್ರಯೋಡ್, ಅಂದರೆ ಸಣ್ಣ ಸಿಗ್ನಲ್ ಹಿಗ್ಗಿಸುವ ಎರಡು ಭಾಗ. ಎಲ್ ಅಂದರೆ ಸ್ಪೀಕರ್ ಕಡೆಗೆ ಶಕ್ತಿ ಕೊಡುವ ವಾಲ್ವ್. 8 ಅಂದರೆ ಒಂಬತ್ತು ಕಾಲಿನ ಸಣ್ಣ ಗಾತ್ರ. ಅಮೆರಿಕದವರು 12ಎಎಕ್ಸ್7 ಅನ್ನುವುದೂ ಯುರೋಪಿನವರು ಇಸಿಸಿ83 ಅನ್ನುವುದೂ ಒಂದನ್ನೇ. ಹಾಗೇ 6ಬಿಕ್ಯೂ5 ಅಂದರೆ ಇಎಲ್84. ‘ಇವೆಲ್ಲ ನಮ್ಮ ಜಾಲಹಳ್ಳಿ ಬಿಇಎಲ್‌ನಲ್ಲೇ ತಯಾರಾಗ್ತಿದ್ವು ಕಣಪ್ಪ’ ಅಂದರು. ಬಿಇಎಲ್, ಅಂದರೆ ಸರ್ಕಾರದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ, 1961ರಲ್ಲಿ ರೇಡಿಯೊ ವಾಲ್ವ್ ಮಾಡಲು ಶುರು ಮಾಡಿತು. ನಾನು ಯಾವುದೋ ದೂರದೇಶದ ವಸ್ತು ಅಂದುಕೊಂಡಿದ್ದು ರೈಲಿನಲ್ಲಿ ಒಂದೂವರೆ ಗಂಟೆ ದೂರದಲ್ಲಿ ತಯಾರಾಗುತ್ತಿತ್ತು.

ನನಗೆ ಬೇಕಾದ ಶಬ್ದ ಯಾವುದು ಅಂತ ಫೋನ್‌ನಲ್ಲಿ ರೆಕಾರ್ಡ್ ಮಾಡಿದ್ದನ್ನು ಕೇಳಿಸಿದೆ. ಎರಡು ಸಲ ಕೇಳಿದರು. ಕನ್ನಡಕ ತೆಗೆದರು.

‘ಇದು ಒಡೆದಿದೆ ಅಲ್ವೇನಪ್ಪಾ?’

‘ಅದೇ ಬೇಕು ಮೇಷ್ಟ್ರೇ.’

‘ರೇಡಿಯೊ ಜೋರು ಮಾಡಿದರೆ ಹಿಂಗೆ ದನಿ ಒಡೆಯುತ್ತೆ, ಸರಿ ಮಾಡಿಕೊಡಿ ಅಂತ ಜನ ದುಡ್ಡು ಕೊಡ್ತಿದ್ದರು. ನೀನು ಒಡೆಯಲಿ ಅಂತ ದುಡ್ಡು ಕೊಡ್ತೀಯಾ?’

ಇಡೀ ವಿಷಯದ ಗಂಟು ಇದರಲ್ಲೇ ಇತ್ತು. ನನಗೆ ಅವತ್ತು ಹೊಳೆಯಲಿಲ್ಲ ಅಷ್ಟೆ. ವಾಲ್ವ್ ತನ್ನ ಶಕ್ತಿ ಮೀರಿ ದುಡಿಯುವಾಗ ಅಲೆಯ ತುದಿಯನ್ನು ಮೆಲ್ಲಗೆ ದುಂಡಗೆ ಮಾಡುತ್ತದೆ. ಟ್ರಾನ್ಸಿಸ್ಟರ್ ಕತ್ತಿಯಲ್ಲಿ ಕೊಯ್ದ ಹಾಗೆ ಚಪ್ಪಟೆ ಮಾಡುತ್ತದೆ. ಆ ಸಿಹಿ ಕರಕರ ಬರುವುದು ಹೀಗೆ. ಆದರೆ ಅದು ಬರಬೇಕಾದರೆ ಪವರ್ ವಾಲ್ವ್ ಮೀರಿ ದುಡಿಯಬೇಕು. 15 ವ್ಯಾಟಿನದು ಮೀರಿ ದುಡಿಯುವುದು 15 ವ್ಯಾಟ್ ದಾಟಿದ ಮೇಲೆ. ಆಗ ಮನೆಯಲ್ಲಿ ಯಾರೂ ಇರಕ್ಕಾಗಲ್ಲ.

ನಾನು ಮಾತ್ರ 15 ವ್ಯಾಟ್ ಅಂದರೆ ಏನು ಮಹಾ ಅಂದುಕೊಂಡಿದ್ದೆ. ಪೆಂಡಾಲಿನಲ್ಲಿ ಸಾವಿರಗಟ್ಟಲೆ ವ್ಯಾಟ್ ನೋಡಿದವನು ನಾನು.

ಒಂದು ಭಾನುವಾರ ಗಿಟಾರ್ ಬೆನ್ನಿಗೆ ಹಾಕಿಕೊಂಡು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದೆ. ಅಂಗಡಿಯ ಗಿಟಾರಿನಲ್ಲಿ ಆಂಪ್ ನೋಡಬಾರದು ಅಂತ ಆ ಕಾಲೇಜು ಹುಡುಗ ಹೇಳಿದ್ದ. ಅದು ಒಳ್ಳೇ ಮಾತು. ಅವರು ಕೈಗೆ ಕೊಡೋದು ಅಂಗಡಿಯಲ್ಲೇ ದುಬಾರಿಯದನ್ನು, ಅದಕ್ಕೆ ಎಲ್ಲ ಆಂಪೂ ಚೆನ್ನಾಗೇ ಕೇಳಿಸುತ್ತೆ.

ಎರಡು ಅಂಗಡಿ ಸುತ್ತಿದೆ. ಫೆಂಡರ್ ಬ್ಲೂಸ್ ಜೂನಿಯರ್: ಎರಡು ಇಎಲ್84, 15 ವ್ಯಾಟ್, 12 ಇಂಚಿನ ಸ್ಪೀಕರ್, ತೂಕ 14 ಕೆ.ಜಿ. ಹತ್ತಿರ. ವಾಕ್ಸ್ ಎಸಿ15: ಇದರ ಮೂಲ ಮಾದರಿ 1958ರದ್ದು. ಇದಕ್ಕೂ ಎರಡು ಇಎಲ್84. ಆದರೆ 22 ಕೆ.ಜಿ., ಎತ್ತಿ ನೋಡಿದೆ, ಸೊಂಟ ‘ಬೇಡ’ ಅಂದಿತು. ಅದರ ತಮ್ಮ ಎಸಿ10, 10 ಇಂಚಿನ ಸ್ಪೀಕರ್, ಹಗುರ. ಮಾರ್ಷಲ್ ಡಿಎಸ್ಎಲ್20: ಇದಕ್ಕೆ ದೊಡ್ಡ ಇಎಲ್34 ಎರಡು, 20ರಿಂದ 10 ವ್ಯಾಟಿಗೆ ಇಳಿಸುವ ಸ್ವಿಚ್ ಉಂಟು. ಶಬ್ದದ ಬಗ್ಗೆ ಹೇಳಬೇಕಂದರೆ, ಇಎಲ್84 ಮೇಲಿನ ಸ್ವರದಲ್ಲಿ ಗಿಣಿಗಿಣಿ ಅನ್ನುತ್ತೆ, ಬೇಗ ಒಡೆಯುತ್ತೆ. ಇಎಲ್34 ಮಧ್ಯದಲ್ಲಿ ಎದೆಗೆ ಗುದ್ದುತ್ತೆ. ಫೆಂಡರ್ ಚಾಂಪ್‌ನಂಥ ಹಳೇ ಪುಟಾಣಿಗಳಲ್ಲಿ ಇರುತ್ತಿದ್ದ 6ವಿ6 ವಾಲ್ವ್ ಸ್ವಲ್ಪ ದುಂಡಗೆ, ಬೆಣ್ಣೆ ಸವರಿದ ಹಾಗೆ. ಆ ಚಾಂಪ್ ಬರೀ 5 ವ್ಯಾಟ್, 8 ಇಂಚಿನ ಸ್ಪೀಕರ್. ಇದನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಬರೆದುಕೊಂಡು, ‘ಇದು ಮಕ್ಕಳಿಗೆ’ ಅಂತ ಪಕ್ಕದಲ್ಲಿ ಗೀಟು ಹಾಕಿದ್ದೆ. ಆ ಪುಟ ಈಗಲೂ ಇದೆ.

ಅಂಗಡಿಯಲ್ಲಿ 15 ವ್ಯಾಟಿನ ವಾಲ್ಯೂಮ್ ಗುಂಡಿ ಮೂರರ ಮೇಲೆ ಹೋದಾಗ ಸೇಲ್ಸ್ ಹುಡುಗ ಬಂದು ‘ಸರ್, ಪಕ್ಕದಲ್ಲಿ ಕೀಬೋರ್ಡ್ ಕ್ಲಾಸ್ ನಡೀತಿದೆ’ ಅಂದ. ಆಗಲಾದರೂ ತಿಳೀಬೇಕಿತ್ತು.

ಹೊಸದು ಕೊಳ್ಳುವಷ್ಟು ದುಡ್ಡು ಇರಲಿಲ್ಲ. ಹಳೆಯದನ್ನು ಹುಡುಕುತ್ತಾ ಇದ್ದಾಗ ಅಮೆರಿಕದಿಂದ ವಾಪಸ್ ಬಂದವರೊಬ್ಬರದು ಸಿಕ್ಕಿತು. ಒಳ್ಳೇ ಆಂಪ್, ಅರ್ಧ ಬೆಲೆ. ಹಿಂದೆ ತಿರುಗಿಸಿ ನೋಡಿದರೆ 120 ವೋಲ್ಟ್, 60 ಹರ್ಟ್ಸ್ ಅಂತ ಬರೆದಿದೆ. ಮೇಷ್ಟ್ರಿಗೆ ಫೋನ್ ಮಾಡಿದೆ. ‘ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟರೆ ನಡೆಯುತ್ತೆ. ಆದರೆ ನಮ್ಮದು 50 ಹರ್ಟ್ಸ್. 60ಕ್ಕೆ ಅಂತಲೇ ಸುತ್ತಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಬಿಸಿ ಜಾಸ್ತಿ ಆಗುತ್ತೆ. ಜೊತೆಗೆ ಆ ಸ್ಟೆಪ್ ಡೌನ್ ಅನ್ನೋ ಕಬ್ಬಿಣದ ಗುಂಡನ್ನೂ ಹೊತ್ಕೊಂಡು ತಿರುಗ್ತೀಯಾ?’ ಅಂದರು. ಅದಲ್ಲದೆ, ಯಾರೋ ಒಂದು ದಿನ ಸೀದಾ ಗೋಡೆಯ ಪ್ಲಗ್‌ಗೆ ಚುಚ್ಚಿದರೆ ಕಥೆ ಮುಗೀತು. ನಮ್ಮ ಮನೆಯಲ್ಲಿ ಆ ‘ಯಾರೋ’ ಯಾರು ಅಂತ ನನಗೆ ಗೊತ್ತು. ಬಿಟ್ಟೆ.

ಕೊನೆಗೆ ರಾಜಾಜಿನಗರದ ಕಡೆ ಒಬ್ಬರ ಹತ್ತಿರ ಎರಡು ಇಎಲ್84ರ 15 ವ್ಯಾಟ್ ಕಾಂಬೊ, ಅಂದರೆ ಆಂಪ್ ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವುದು, ತಗೊಂಡೆ. ಕಂಪನಿ ಹೆಸರು ಬೇಡ, ತಪ್ಪು ಅದರದ್ದಲ್ಲ. ಬಸ್ಸಿನಲ್ಲಿ ಕಾಲ ಮಧ್ಯೆ ಇಟ್ಟುಕೊಂಡು ಕೂತೆ. ಕಂಡಕ್ಟರ್ ಬಂದು ‘ಏನ್ ಸಾರ್ ಇದು, ಗ್ರೈಂಡರಾ?’ ಅಂದು ಲಗೇಜು ಟಿಕೆಟ್ ಹರಿದ. ದಾಬಸ್‌ಪೇಟೆ ದಾಟುವವರೆಗೂ ಆ ಪೆಟ್ಟಿಗೆ ಮೇಲೆ ಕೈ ಇಟ್ಟುಕೊಂಡೇ ಇದ್ದೆ, ಹೊಸ ಮದುಮಗನ ಹಾಗೆ.

ಮನೆಗೆ ಬಂದು ಆನ್ ಮಾಡಿದೆ. ವಾಲ್ಯೂಮ್ ಎರಡು. ಚೆನ್ನಾಗಿತ್ತು, ಆದರೆ ಸಪ್ಪೆ. ಹುಡುಗನ ಕೈಯಲ್ಲಿ ಕೇಳಿದ ಶಬ್ದ ಇಲ್ಲ. ನಾಲ್ಕು ಮಾಡಿದೆ. ಆಗ ಬಂತು ಅದು. ಜೊತೆಗೇ ಬಂತು ಪಾತ್ರೆ ಸ್ಟ್ಯಾಂಡ್. ಒಂದು ತಟ್ಟೆ ಜಾರಿ ಸಿಂಕ್‌ಗೆ ಬಿತ್ತು. ಕೆಳಗಿಂದ ಕೋಲು. ನಾನು ಮೆಟ್ಟಿಲಿಳಿದು ಹೋಗಿ ‘ಅಜ್ಜಿ, ಇನ್ಮೇಲೆ ಆಗಲ್ಲ’ ಅಂದೆ. ‘ಮಗಾ, ನೀನು ಬಾರಿಸು, ಬೇಡ ಅಂದೋರ್ಯಾರು? ಸ್ವಾಮಿ ಫೋಟೊ ಅಲ್ಲಾಡೋ ಹಂಗೆ ಬಾರಿಸಬೇಡ ಅಷ್ಟೆ’ ಅಂದರು.

ಎರಡು ತಿಂಗಳು ಆ ಆಂಪ್ ಎರಡರಲ್ಲೇ ಇತ್ತು. ಒಂದೂವರೆ ಅಂದರೂ ಸರಿ. ಕೊನೆಯ ಸದ್ದಿನ ಮಾಸ್ಟರ್ ವಾಲ್ಯೂಮ್ ಕೆಳಗಿಳಿಸಿ, ಶುರುವಿನ ಸದ್ದಿನ ಗುಂಡಿ, ಅಂದರೆ ಗೇನ್, ಏರಿಸಿದರೆ ಮುಂದಿನ ಸಣ್ಣ ವಾಲ್ವ್‌ಗಳು ಒಡೆಯುತ್ತವೆ ನಿಜ. ಆದರೆ ಅದು ತೆಳ್ಳಗೆ, ಜೇನು ನೊಣದ ಹಾಗೆ. ಪವರ್ ವಾಲ್ವ್ ಸೇರಿಕೊಂಡಾಗಿನ ತುಂಬು ಅದರಲ್ಲಿ ಇಲ್ಲ.

ಆಗ ಕೂತು ಲೆಕ್ಕ ಹಾಕಿದೆ. ಮಂಡಿಯಲ್ಲಿ ದಿನಾ ಲೆಕ್ಕ ಹಾಕುವವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಕಿವಿಗೆ ಸದ್ದು ಇಮ್ಮಡಿ ಅನ್ನಿಸಬೇಕಾದರೆ ವ್ಯಾಟ್ ಹೆಚ್ಚುಕಡಿಮೆ ಹತ್ತರಷ್ಟಾಗಬೇಕು, ಅಂದರೆ 10 ಡೆಸಿಬೆಲ್ ಏರಬೇಕು. ಹಾಗಾಗಿ 5 ಮತ್ತು 15 ವ್ಯಾಟಿನ ನಡುವೆ ಇರುವುದು 5 ಡೆಸಿಬೆಲ್‌ಗೂ ಕಡಿಮೆ ಅಂತರ. ಗಿಟಾರ್ ಸ್ಪೀಕರ್ ವಿವರದಲ್ಲಿ 95, 97, 100 ಅಂತ ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಬರೀ 1 ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರಕ್ಕೆ ಅಷ್ಟು ಡೆಸಿಬೆಲ್ ಅಂತ ಅರ್ಥ. ಜನ ವಾಸ ಇರುವ ಜಾಗಕ್ಕೆ ನಮ್ಮ ಸರ್ಕಾರದ ನಿಯಮ ಹಗಲು 55, ರಾತ್ರಿ 10ರ ಮೇಲೆ 45. ಒಂದೇ ವ್ಯಾಟಿಗೆ ನಾನು ಅಪರಾಧಿ! ಮಕ್ಕಳಿಗೆ ಅಂತ ಗೀಟು ಹಾಕಿದ್ದ 5 ವ್ಯಾಟೂ ನನ್ನ ಹಾಲ್‌ಗೆ ಜಾಸ್ತಿ.

ಅಲ್ಲಿಂದ ನನ್ನ ಪಟ್ಟಿಯೇ ಬದಲಾಯಿತು. ಯಾವ ಬ್ರ್ಯಾಂಡ್ ಅನ್ನೋದು ಹಿಂದೆ ಹೋಯಿತು. ಎಷ್ಟು ಕೆಳಗೆ ಇಳಿಯುತ್ತೆ ಅನ್ನೋದು ಮುಂದೆ ಬಂತು. ಬ್ಲ್ಯಾಕ್‌ಸ್ಟಾರ್ ಎಚ್‌ಟಿ-1 ಅಂತ ಒಂದಿದೆ, 1 ವ್ಯಾಟ್, 8 ಇಂಚು. ಲೇನಿ ಕಬ್ 12ಆರ್‌ಗೆ ಎರಡು ಇನ್‌ಪುಟ್. ಒಂದು 15 ವ್ಯಾಟ್, ಇನ್ನೊಂದು 1 ವ್ಯಾಟಿಗೂ ಕಡಿಮೆ. ವಾಕ್ಸ್‌ನ ಹಳೇ ಎಸಿ4ಟಿವಿಯಲ್ಲಿ 4, 1, ಕಾಲು ವ್ಯಾಟ್ ಅಂತ ಸ್ವಿಚ್. ಬುಗೇರಾ ವಿ5ರಲ್ಲಿ 5, 1, 0.1. ನನಗೆ ಈ ಕೊನೆಯ ಎರಡರ ಜಾತಿಯೇ ಇಷ್ಟವಾಯಿತು. ಒಂದೇ ಇಎಲ್84, ಒಂದೆರಡು ಇಸಿಸಿ83, ಮುಗೀತು. ಎರಡು ಪವರ್ ವಾಲ್ವ್ ಇದ್ದರೆ ಅಲೆಯನ್ನು ಹಂಚಿಕೊಂಡು ಎಳೆಯುತ್ತವೆ, ಜೋಡೆತ್ತಿನ ಹಾಗೆ. ಇದು ಒಂಟೆತ್ತಿನ ಗಾಡಿ. ಮೇಲೇರಿದರೂ ಇದೇ, ಕೆಳಗಿಳಿದರೂ ಇದೇ. ವಾಲ್ವ್ ಬದಲಿಸಿದರೆ ಬಯಾಸ್ ಕೂರಿಸುವ, ಅಂದರೆ ಹೊಸ ವಾಲ್ವಿಗೆ ತಕ್ಕಂತೆ ಕರೆಂಟು ಹದ ಮಾಡುವ, ರಗಳೆಯೂ ಇಲ್ಲ. ಅದೂ ಇದೂ ಗುಂಡಿ ತಿರುಗಿಸೋದು ನನಗೆ ಮೊದಲಿಂದಲೂ ಆಗಲ್ಲ.

15 ವ್ಯಾಟಿನದನ್ನು ಒಂದು ಚರ್ಚ್ ಕ್ವಾಯರ್ ಹುಡುಗ ಕೊಂಡುಕೊಂಡ. ನನಗೆ ಮೂರು ಸಾವಿರ ಲಾಸು. ಆದರೆ ಅವನಿಗೆ ಹಾಲ್ ಇದೆ, ಡ್ರಮ್ಸ್ ಇದೆ. ಅಲ್ಲಿ ಅದು ಉಸಿರಾಡುತ್ತೆ. ಒಂದು ದಿನ ಹೋಗಿ ಕೇಳಿದೆ, ಹೊಟ್ಟೆ ಉರಿಯಿತು.

ಹಳೇ 5 ವ್ಯಾಟ್ ಆಂಪ್ ಬಂದ ದಿನ ಇನ್ನೊಂದು ಕಥೆ. ಆನ್ ಮಾಡಿದರೆ ಸದ್ದಿನ ಹಿಂದೆ ‘ಝೂಂ’ ಅಂತ ಒಂದೇ ಸಮ ಗುಂಯ್ಗುಡುತ್ತಿತ್ತು. ತಂತಿ ಮುಟ್ಟಿದರೆ ಕಡಿಮೆ, ಬಿಟ್ಟರೆ ಜಾಸ್ತಿ. ಒಂಟಿ ಪವರ್ ವಾಲ್ವಿನ ಆಂಪ್ ಸ್ವಲ್ಪ ಗುಂಯ್ ಅನ್ನುತ್ತೆ ಅಂತ ಗೊತ್ತಿತ್ತು, ಜೋಡಿ ಇದ್ದರೆ ಆ ಗುಂಯ್ ಒಂದಕ್ಕೊಂದು ಹೊಡೆದುಹೋಗುತ್ತೆ. ಆದರೆ ಇದು ಅತಿ. ಮಾರಿದವನಿಗೆ ಬೈದುಕೊಂಡೇ ಆಂಪ್ ಅನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಮೇಷ್ಟ್ರ ಮನೆಗೆ ಹೋದೆ. ಅವರ ಬೆಂಚಿನ ಮೇಲೆ ಹಾಕಿದರೆ ಗುಂಯ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

‘ಆಂಪ್ ಸರಿಗಿದೆ. ನಿಮ್ಮನೇನೇ ಸರಿಗಿಲ್ಲ’ ಅಂದರು.

ಒಂದು ಹೋಲ್ಡರ್, 60 ವ್ಯಾಟಿನ ಬಲ್ಬು, ಎರಡು ವೈರು ಚೀಲಕ್ಕೆ ಹಾಕಿಕೊಂಡು ನನ್ನ ಹಿಂದೆ ಕೂತು ಬಂದರು. ಹಾಲ್‌ನ ಮೂರು ತೂತಿನ ಪ್ಲಗ್ ಮುಂದೆ ಕುಕ್ಕರುಗಾಲಲ್ಲಿ ಕೂತರು. ಫೇಸ್‌ಗೂ ನ್ಯೂಟ್ರಲ್‌ಗೂ ವೈರ್ ಹಿಡಿದರು, ಬಲ್ಬು ಝಗ್ ಅಂತ ಉರಿಯಿತು. ನ್ಯೂಟ್ರಲ್‌ನಿಂದ ತೆಗೆದು ಮೇಲಿನ ದೊಡ್ಡ ತೂತಿಗೆ, ಅಂದರೆ ಅರ್ತ್‌ಗೆ, ಇಟ್ಟರು. ಬಲ್ಬು ಸತ್ತು ಹೋಯಿತು. ಇದನ್ನೆಲ್ಲ ಮಾಡುವಾಗ ಅವರ ಎಡಗೈ ಬೆನ್ನ ಹಿಂದೆ ಇತ್ತು. ಬಲಗೈ ಮಾತ್ರ ಕೆಲಸ ಮಾಡುತ್ತಿತ್ತು. ಆಂಪ್ ಬಿಚ್ಚಿದಾಗಲೂ ಹಾಗೇ ನಿಂತಿದ್ದು ನೋಡಿದ್ದೆ. ಎರಡೂ ಕೈ ಒಳಗೆ ಹಾಕಿದರೆ ಶಾಕ್ ಎದೆ ದಾಟಿ ಹೋಗುತ್ತಂತೆ. ‘ವಾಲ್ವ್ ಸೆಟ್ಟಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಮುನ್ನೂರು ವೋಲ್ಟ್ ಇಟ್ಕೊಂಡು ಕಾಯ್ತಿರುತ್ತೆ. ನೀನು ಮಾತ್ರ ಬಿಚ್ಚಬೇಡ’ ಅಂದರು. ನಾನು ಬಿಚ್ಚಿಲ್ಲ. ನೀವೂ ಬಿಚ್ಚಬೇಡಿ.

ಪ್ಲಗ್ಗಿನ ಹಲಗೆ ತೆಗೆದರೆ ಹಸಿರು ವೈರ್ ಇತ್ತು, ಎಲ್ಲಿಗೂ ಹೋಗಿರಲಿಲ್ಲ. ಇಡೀ ಮನೆಗೇ ಅರ್ತ್ ಇರಲಿಲ್ಲ. ಅಜ್ಜಿಗೆ ಹೇಳಿದೆವು. ಮಿಕ್ಸಿ ಮುಟ್ಟಿದರೆ ಜುಂ ಅನ್ನೋದು ಇದಕ್ಕೇನಾ ಅಂದರು. ಹತ್ತು ವರ್ಷದಿಂದ ಚಪ್ಪಲಿ ಹಾಕಿಕೊಂಡೇ ಚಟ್ನಿ ರುಬ್ಬುತ್ತಿದ್ದರಂತೆ! ಗಿಟಾರಿನ ತಂತಿ, ಆಂಪಿನ ಲೋಹದ ಮೈ, ಅರ್ತ್, ಮೂರೂ ಒಂದೇ ದಾರಿ. ಪೆಂಡಾಲಿನಲ್ಲಿ ಮೈಕಿಗೆ ತುಟಿ ತಾಗಿದಾಗ ಚುರ್ ಅಂದಿದ್ದು ನೆನಪಾಗಿ ಬೆವರು ಬಂತು. ಎಲೆಕ್ಟ್ರಿಷಿಯನ್ ಬಂದು ಹಿತ್ತಲಲ್ಲಿ ಗುಂಡಿ ತೆಗೆದ. ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು ಒಂದರ ಮೇಲೊಂದು ಪದರ ಹಾಕಿ ನೀರು ಸುರಿದ. ಖರ್ಚು ಅರ್ಧ ಅಜ್ಜಿಯದು, ಅರ್ಧ ನನ್ನದು. ಸಂಜೆ ಆಂಪ್ ಹಾಕಿದರೆ ಝೂಂ ಹೋಗಿತ್ತು. ಅಜ್ಜಿ ಬರಿಗಾಲಲ್ಲಿ ಮಿಕ್ಸಿ ಮುಟ್ಟಿ ನೋಡಿ, ಅವತ್ತಿಂದ ನನ್ನ ಗಿಟಾರ್ ಬಗ್ಗೆ ಸ್ವಲ್ಪ ಮರ್ಯಾದೆ ಇಟ್ಟುಕೊಂಡಿದ್ದಾರೆ.

ಇನ್ವರ್ಟರ್ ವಿಷಯ ಚಿಕ್ಕದಾಗಿ ಹೇಳಿಬಿಡ್ತೀನಿ. ನಮ್ಮದು ಹಳೇ ಸ್ಕ್ವೇರ್ ವೇವ್, ಅಂದರೆ ಕರೆಂಟನ್ನು ನುಣುಪು ಅಲೆಯಾಗಿ ಕೊಡದೆ ಚೌಕಚೌಕವಾಗಿ ಕೊಡುವಂಥದ್ದು. ಕರೆಂಟ್ ಹೋದಾಗ ಅದರಲ್ಲಿ ಆಂಪ್ ಹಾಕಿದರೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗಿರುತ್ತೆ, ಟ್ರಾನ್ಸ್‌ಫಾರ್ಮರ್ರೂ ಬಿಸಿ. ಕರೆಂಟ್ ಹೋದರೆ ಗಿಟಾರ್ ಕೆಳಗಿಡೋದು.

ಉಳಿದಿದ್ದು ಒಂದು ಕಿರಿಕಿರಿ. ಒಂದು ಸ್ವರ ಮಾತ್ರ ನುಡಿಸಿದಾಗ ಒಳಗೆಲ್ಲೋ ಗಾಜಿನ ಬಳೆ ಅಲ್ಲಾಡಿದ ಹಾಗೆ ಟಿಂಗ್ ಅನ್ನುತ್ತಿತ್ತು. ಮೇಷ್ಟ್ರು ಪೆನ್ಸಿಲಿನ ರಬ್ಬರ್ ತುದಿಯಲ್ಲಿ ಒಂದೊಂದೇ ವಾಲ್ವ್ ತಟ್ಟಿದರು. ಮೊದಲನೆಯ ಇಸಿಸಿ83 ತಟ್ಟಿದಾಗ ಸ್ಪೀಕರ್‌ನಲ್ಲಿ ಟಂಗ್ ಅಂತ ಕೇಳಿಸಿತು. ಒಳಗಿನ ಭಾಗ ಸಡಿಲವಾಗಿ ಮೈಕಿನ ಹಾಗೆ ಆಗಿಬಿಟ್ಟಿದೆ, ವಯಸ್ಸಾದ ವಾಲ್ವಿಗೆ ಇದು ಸಾಮಾನ್ಯ. ಎದ್ದು ಹೋಗಿ ಹಳೇ ಬಿಸ್ಕತ್ ಡಬ್ಬಿ ತಂದರು. ಒಳಗೆ ಹತ್ತಿಯಲ್ಲಿ ಸುತ್ತಿದ ವಾಲ್ವ್‌ಗಳು. ಒಂದನ್ನು ಬೆಳಕಿಗೆ ಹಿಡಿದು ಅಂಗಿಯ ಅಂಚಿನಿಂದ ಒರೆಸಿದರು. ಗಾಜಿನ ಮೇಲೆ ಅರ್ಧ ಅಳಿಸಿದ ಅಕ್ಷರ: ಬಿಇಎಲ್. ಒಂಬತ್ತು ಕಾಲನ್ನು ಸಾಕೆಟ್ಟಿಗೆ ಸರಿಹೊಂದಿಸಿ, ಅಲ್ಲಾಡಿಸದೆ ಸೀದಾ ಒತ್ತಿದರು. ಸ್ವಲ್ಪ ಹೊತ್ತಿಗೆ ಕೆಂಡದ ಹಾಗೆ ಒಳಗೆ ಕಿತ್ತಳೆ ಬಣ್ಣ ಬಂತು. ದುಡ್ಡು ಎಷ್ಟು ಅಂದೆ. ‘ಕ್ಯಾತ್ಸಂದ್ರಕ್ಕೆ ಹೋದಾಗ ಎರಡು ತಟ್ಟೆ ಇಡ್ಲಿ ಕಟ್ಟಿಸ್ಕೊಂಡು ಬಾ’ ಅಂದರು.

ಈಗ ದಿನಾ ರಾತ್ರಿ ಒಂಬತ್ತರ ತನಕ ಒಂದು ಗಂಟೆ ನುಡಿಸುತ್ತೇನೆ. ಸ್ವಿಚ್ ಅತಿ ಕೆಳಗೆ, ವಾಲ್ಯೂಮ್ ಎಂಟು. ಮೆಲ್ಲಗೆ ಮೀಟಿದರೆ ಗಂಟೆ, ಒತ್ತಿದರೆ ಗಂಟಲು ಕಟ್ಟುತ್ತೆ. ಕೆಳಗಿಳಿಸಿದಾಗ ಮೇಲಿನ ಸ್ವರದ ಹೊಳಪು ಸ್ವಲ್ಪ ಮಂಕಾಗುತ್ತೆ, ಅದು ನಿಜ. ಲೋಟಗಳು ಮಾತ್ರ ಒಮ್ಮೊಮ್ಮೆ ಅಲ್ಲಾಡುತ್ತವೆ.

ಒಂದು ಕೊರತೆ ಇದೆ. 8 ಇಂಚಿನ ಸ್ಪೀಕರ್ ಡಬ್ಬದೊಳಗಿಂದ ಮಾತಾಡಿದ ಹಾಗಿರುತ್ತೆ. ಚರ್ಚಿನ ಹುಡುಗನ 12 ಇಂಚಿನ ಸ್ಪೀಕರ್‌ಗೆ ಒಮ್ಮೆ ಇದನ್ನು ಜೋಡಿಸಿ ಕೇಳಿದೆ. ಎರಡೂ 8 ಓಮ್, ಸ್ಪೀಕರ್‌ಗೆ ಅಂತಲೇ ಇರುವ ವೈರು, ಜೋಡಿಸುವಾಗ ಆಂಪ್ ಆಫ್. ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ ಆನ್ ಮಾಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು ಅಂತ ಮೇಷ್ಟ್ರು ಮೂರು ಸಲ ಹೇಳಿದ್ದರು. ಅದೇ ಪುಟಾಣಿ ಆಂಪ್, ಎದೆ ಉಬ್ಬಿಸಿಕೊಂಡು ನಿಂತಂತಾಯಿತು.

ಹೋದ ವಾರ ಉಪ್ಪಾರಹಳ್ಳಿಯ ಬಡಗಿ ಹತ್ತಿರ ಹೋಗಿ 18 ಎಂ.ಎಂ. ಪ್ಲೈವುಡ್‌ನಲ್ಲಿ ಒಂದು ಪೆಟ್ಟಿಗೆ ಮಾಡಿಕೊಡಿ ಅಂದೆ. ಮುಂದೆ ದೊಡ್ಡ ದುಂಡು ತೂತು, ಹಿಂದೆ ಅರ್ಧ ತೆರೆದಿರಬೇಕು. ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಚಿತ್ರ ಬರೆದುಕೊಂಡರು.

‘ಬಾಗ್ಲು ಬೇಡ್ವಾ ಸಾರ್? ಕೋಳಿ ಓಡೋಗಲ್ವಾ?’